ಲೆಂಪಿ ತೆರೆಯದ ಡಬ್ಬಿ

ಬೆಳಗಿನ ಐದು ಗಂಟೆ. ಹೆರನ್ ಸರೋವರದ ದೋಣಿಕಟ್ಟೆಯಲ್ಲಿ ಲೆಂಪಿ ರೌಟಿಯೊ ಸಾಮಾನು ತುಂಬುತ್ತಿದ್ದಾರೆ: ಹಂದಿಕೊಬ್ಬು, ಆಲೂಗಡ್ಡೆ, ಈರುಳ್ಳಿ, ಮೀನಿಗೆ ಸವರುವ ಹಿಟ್ಟು, ಕಬ್ಬಿಣದ ಬಾಣಲೆ. ಕೊನೆಗೊಂದು ಮಾಂಸದ ಡಬ್ಬಿ. ಮೀನನ್ನು ಸರೋವರವೇ ಕೊಡಬೇಕು.

ಅಮೆರಿಕದ ಮಿನೆಸೋಟ ರಾಜ್ಯದ ಉತ್ತರದಂಚಿನಲ್ಲಿ ಇಂದು ವಾಲೈ ಎಂಬ ಸಿಹಿನೀರಿನ ಮೀನು ಹಿಡಿಯುವ ಹಂಗಾಮು ಶುರು. ಅತಿಥಿಗಳನ್ನು ಕರೆದೊಯ್ಯುವ ದೋಣಿಯವರು ಮಧ್ಯಾಹ್ನ ದಡದಲ್ಲಿ ಒಲೆ ಹೂಡಿ, ಆಗಷ್ಟೇ ಹಿಡಿದ ಮೀನು ಹುರಿದು ಬಡಿಸಬೇಕು. ಮೀನು ಸಿಗದಿದ್ದರೆ ಡಬ್ಬಿಯೇ ಗತಿ. ಡಬ್ಬಿ ತೆರೆದವರನ್ನು ಊರಿನ ಕಾಫಿ ಅಂಗಡಿಯಲ್ಲಿ ವರ್ಷವಿಡೀ ಆಡಿಕೊಳ್ಳುತ್ತಾರೆ.

ಅರವತ್ತಾರರ ಲೆಂಪಿಗೆ ಇದು ದೋಣಿ ನಡೆಸುವ ಮೂವತ್ತೊಂದನೆಯ ವಸಂತ. ಗಂಡ ಆರ್ವೊ ಸೊಂಟ ಮುರಿದುಕೊಂಡ ವರ್ಷ ಚುಕ್ಕಾಣಿ ಇವರ ಕೈಗೆ ಬಂತು. "ಬಂದೋರೆಲ್ಲ 'ನಿಮ್ಮನೆಯೋರೆಲ್ಲಿ?' ಅಂತ ಕೇಳೋರು. 'ಅವರು ಮಲಗವ್ರೆ, ಮೀನು ಎದ್ದಿದೆ, ಹತ್ತಿ' ಅಂತಿದ್ದೆ," ಎಂದು ನಗುತ್ತಾರೆ. ಆ ವರ್ಷವೇ ಡಬ್ಬಿ ತೆರೆಯಬೇಕಾಯಿತು, ಅತ್ತೂಬಿಟ್ಟರು. ಮರುದಿನ ಕೊಂಡ ಡಬ್ಬಿ ಇಂದಿಗೂ ಹಾಗೇ ಇದೆ. "ಅದರ ಮೇಲಿನ ತಾರೀಖು ನೋಡಿದ್ರೆ ಈಗ ತೆರೆಯೋಕೇ ಭಯ!"

ಈ ಸಲ ಮಂಜುಗಡ್ಡೆ ಕರಗಿ ಒಂಬತ್ತೇ ದಿನ. ಉಳಿದ ದೋಣಿಗಳೆಲ್ಲ ನಡುನೀರಿನ ಬಂಡೆಯತ್ತ ಓಡಿದರೆ, ಲೆಂಪಿ ತೊರೆ ಬಂದು ಸೇರುವ, ಗಾಳಿ ಹೊಡೆಯುವ, ಸೊಂಟದಷ್ಟೂ ಆಳವಿಲ್ಲದ ಕೆಸರುದಡಕ್ಕೆ ತಿರುಗುತ್ತಾರೆ. "ಮೊಟ್ಟೆ ಇಟ್ಟು ಸುಸ್ತಾದ ಮೀನು ಬೆಚ್ಚಗಿರೋ ಕಡೆ ಬಿದ್ಕೊಂಡಿರುತ್ತೆ. ನಾವೂ ಹಂಗೇ ಅಲ್ವಾ?" ಗಾಳಕ್ಕೆ ಪುಟ್ಟ ಸೀಸದ ಗುಂಡು, ಒಂದು ಮರಿಮೀನು. ತಳ ಸವರುತ್ತಾ ಆಮೆನಡಿಗೆಯಲ್ಲಿ ಎಳೆಯಬೇಕು.

ಹನ್ನೊಂದೂವರೆಯಾದರೂ ಬುಟ್ಟಿ ಖಾಲಿ. ಇಂದಿನ ಅತಿಥಿ, ನಿವೃತ್ತ ಬಸ್ ಚಾಲಕ ಓರಿನ್ ಸ್ಕಾರ್, ದಾರ ಅಲುಗಿದರೆ ಸಾಕು, ಜಗ್ಗಿಬಿಡುತ್ತಾರೆ. ಗಾಳ ಮೀನಿನ ಬಾಯಿಂದ ಜಾರುತ್ತದೆ.

"ಓರಿನ್, ಇದು ಬಸ್ಸಿನ ಬ್ರೇಕಲ್ಲ! ಈ ಮೀನು ಗಬಕ್ಕಂತ ನುಂಗಲ್ಲ, ಬಾಯಲ್ಲಿಟ್ಕೊಂಡು ಯೋಚನೆ ಮಾಡುತ್ತೆ. ದಾರ ಅಲುಗ್ತಾ? ಒಂದು ಗುಟುಕು ಕಾಫಿ ಕುಡೀರಿ. ಆಮೇಲೆ ಎಳೀರಿ."

"ಕಾಯೋದು ಇವರ ಜಾತಕದಲ್ಲೇ ಇಲ್ಲ ಬಿಡಿ," ಎನ್ನುತ್ತಾರೆ ಜೊತೆಗೆ ಬಂದ ಓರಿನ್ ಹೆಂಡತಿ ವರ್ನಾ.

ದಾರ ಮತ್ತೆ ಅಲುಗುತ್ತದೆ. ಓರಿನ್ ಕಣ್ಣುಮುಚ್ಚಿ ಗುಟುಕರಿಸಿ ಎಳೆಯುತ್ತಾರೆ. ಕೋಲು ಬಾಗುತ್ತದೆ! ಮೊಳಕ್ಕಿಂತ ಉದ್ದದ ಹೆಣ್ಣುಮೀನು ಮೇಲೆ ಬರುತ್ತದೆ. ಲೆಂಪಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿಗೆ ಬಿಡುತ್ತಾರೆ.

"ಅಯ್ಯೋ, ಊಟ!" ಎಂದು ಓರಿನ್ ಚೀರುತ್ತಾರೆ. "ಡಬ್ಬಿ ತೆರೀಬೇಕಾಗುತ್ತೆ ಕಣ್ರೀ!"

"ತೆರೀಬೇಕಾದ್ರೆ ತೆರೀತೀನಿ. ಇಂಥ ತಾಯಿಮೀನು ಮಾತ್ರ ನನ್ನ ಬಾಣಲೆಗೆ ಬರಲ್ಲ. ಕಾಫಿ ಆರೋಗುತ್ತೆ, ಗಾಳ ಹಾಕಿ."

ಅರ್ಧ ಗಂಟೆಯಲ್ಲಿ ಐದು ಗುಟುಕು, ಐದು ಸಣ್ಣ ಗಂಡುಮೀನು. ದಡದಲ್ಲಿ ಕೊಬ್ಬು ಚುರುಗುಟ್ಟುತ್ತದೆ. ಓರಿನ್ ಬೆರಳು ನೆಕ್ಕುತ್ತಾ ಇನ್ನೊಂದು ತುಂಡಿಗೆ ತಟ್ಟೆ ಚಾಚುತ್ತಾರೆ. ಲೆಂಪಿಗೆ ಖುಷಿಯಾಗಿದೆ, ಮುಚ್ಚಿಡುವುದೂ ಇಲ್ಲ.

ಡಬ್ಬಿಯ ಮೇಲಿನ ಹಿಟ್ಟನ್ನು ಏಪ್ರನ್ನಿಗೆ ಒರೆಸಿ ಮತ್ತೆ ಪೆಟ್ಟಿಗೆಯೊಳಗಿಡುತ್ತಾರೆ. "ಕೈ ನಡುಗೋಕೆ ಶುರುವಾದ ದಿನ ಸಾಕು ಮಾಡ್ತೀನಿ. ಆವತ್ತು ಈ ಡಬ್ಬಿನ ಹಿಂಗೇ, ಮುಚ್ಚಳ ಬಿಚ್ಚದೆ, ಇನ್ನೊಬ್ಬ ಹೆಂಗಸಿನ ದೋಣಿಗೆ ದಾಟಿಸ್ಬೇಕು. ಅಷ್ಟೇ ಆಸೆ."