ಮಗ್ಗದ ಸದ್ದಿನಲ್ಲಿ ಹೇಳಿದ ಮಾತು

ಬೆಳಗಾವಿಯ ಶಹಾಪುರದ ನೇಕಾರ ದುಂಡಪ್ಪನಿಗೆ ಖಾನಾಪುರದಲ್ಲಿ ಬೀಗರಿಲ್ಲ, ವ್ಯವಹಾರವಿಲ್ಲ, ಗುರುತಿನ ನಾಯಿಯೂ ಇಲ್ಲ. ಅದಕ್ಕೇ ಅವನು ಡಾಕ್ಟರನ್ನು ಹುಡುಕಿಕೊಂಡು ಅಲ್ಲಿಗೆ ಹೋದ. ಬೆಳಗಾವಿಯಲ್ಲಿ ದವಾಖಾನೆಗಳಿಗೇನು ಬರವೇ? ಆದರೆ ಯಾವುದರ ಬೆಂಚಿನ ಮೇಲೆ ಕೂತರೂ, "ಏನಾಗೇತಿ ದುಂಡಪ್ಪಣ್ಣಾ?" ಎಂದು ಓಣಿಯವರೊಬ್ಬರು ಬಂದೇ ಬರುತ್ತಾರೆ.

ಆಗಿದ್ದೇನೆಂದರೆ, ಐವತ್ತು ದಾಟಿದ ದುಂಡಪ್ಪನಿಗೆ ಹೆಂಡತಿಯೊಡನೆ ಕೂಡಲು ಆಗುತ್ತಿರಲಿಲ್ಲ. ಮನಸ್ಸಿತ್ತು, ಮೈ ಮಾತು ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಮಗ ವಿನಯನ ಮದುವೆಯಾಯಿತು. ಸೊಸೆ ಬಂದ ಮನೆಯಲ್ಲಿ ಹಿರಿಯರು ಬೇರೆ ಬೇರೆ ಮಲಗುವುದೇ ಮರ್ಯಾದೆ ಎನ್ನುವ ಓಣಿ ಅದು. ನೆಪ ಸಿಕ್ಕಿತೆಂದು ದುಂಡಪ್ಪ ಹಾಸಿಗೆ ಸುತ್ತಿಕೊಂಡು ಮಗ್ಗದ ಕೋಣೆ ಸೇರಿದ. ಜನ ಶಹಬ್ಬಾಸ್ ಎಂದರು. ಹೆಂಡತಿ ಬಸವಣ್ಣೆವ್ವನನ್ನು ಮಾತ್ರ ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ನೂಲಿನ ಧೂಳಿನಲ್ಲಿ ಒಬ್ಬನೇ ಹೊರಳಾಡುವುದು ಎಂಥ ಹಾಳು ಬಾಳೆಂದು ಶಹಬ್ಬಾಸ್ ಎಂದವರಿಗೇನು ಗೊತ್ತು?

ಖಾನಾಪುರದ ಡಾಕ್ಟರ್ ಸಾದಿಕರಿಗೆ ಅವನು ಮೊದಲು ತೋರಿಸಿದ್ದು ಮೊಣಕಾಲು.

"ಮೊಣಕಾಲ ತೋರಸಾಕ ಬೆಳಗಾವಿ ಬಿಟ್ಟು ಇಲ್ಲೀತನಕ ಬಂದ್ರೇನ್ರೀ? ಖರೇ ಹೇಳ್ರಿ."

ಬೆವರು ಒರೆಸಿಕೊಳ್ಳುತ್ತ ದುಂಡಪ್ಪ ಇದ್ದದ್ದನ್ನು ಹೇಳಿದ. ಡಾಕ್ಟರು ನಗಲಿಲ್ಲ. ರಕ್ತ ತಪಾಸಣೆ ಮಾಡಿಸಿದರು, ಸಕ್ಕರೆ ಏರಿತ್ತು.

"ಸಕ್ಕರಿ ಬ್ಯಾನಿ ಇದ್ದವ್ರಿಗೆ ಹಿಂಗ ಆಗತೈತ್ರಿ. ಔಷಧ ಐತಿ. ಸಂತ್ಯಾಗಿನ ಪುಡಿ ಮಾತ್ರ ತಿನಬ್ಯಾಡ್ರಿ."

"ಈ ವಯಸ್ಸಿನ್ಯಾಗ ಇದೆಲ್ಲಾ ಬೇಕೇನ್ರಿ ಸಾಹೇಬ್ರ?"

"ಕಣ್ಣು ಮಂಜಾದ್ರ ಚಷ್ಮಾ ಹಾಕ್ತೀರಿಲ್ಲೋ? ಇದೂ ಆರೋಗ್ಯದ ಮಾತ. ಮನಿಯವ್ರಿಗೆ ಹೇಳೀರೇನು?"

ದುಂಡಪ್ಪ ಇಲ್ಲವೆಂದು ತಲೆಯಾಡಿಸಿದ.

"ಮದಲ ಅವ್ರಿಗೆ ಹೇಳ್ರಿ. ಮುಂದಿನ ಸಲ ಕರಕೊಂಡ ಬರ್ರಿ."

ಬಸ್ಸು ಪೀರನವಾಡಿ ದಾಟುವವರೆಗೂ ಅವನು ಮಾತು ಜೋಡಿಸಿದ. ಮನೆಗೆ ಬಂದರೆ ಅಡುಗೆಮನೆಯಲ್ಲಿ ಸೊಸೆ, ಪಡಸಾಲೆಯಲ್ಲಿ ಮಗ, ಗೋಡೆಯಾಚೆ ನೆರೆಯವರ ಕಿವಿ. ಗಂಡ ಹೆಂಡತಿ ಒಂದು ಮಾತಾಡಲು ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಮರುದಿನ ಮುಂಜಾನೆ ಕರೆಂಟಿನ ಮಗ್ಗ ಚಾಲೂ ಮಾಡಿದ. ಬಸವಣ್ಣೆವ್ವ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಬಂದಳು. ಮಗ್ಗ ನಡೆಯುವಾಗ ಕೂಗಿದರೂ ಕೇಳುವುದಿಲ್ಲ. ನೇಕಾರರು ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಇಷ್ಟು ವರ್ಷ ಆ ಸದ್ದಿನಲ್ಲಿ ಅವರಿಬ್ಬರೂ ಆಡಿದ್ದು ಬರೀ ನೂಲಿನ ಮಾತು.

"ಇಲ್ಲೆ ನೋಡ," ಎಂದು ದುಂಡಪ್ಪ ತುಟಿಯಾಡಿಸಿದ. "ನನಗ ಬ್ಯಾನಿ ಐತಿ. ನನ್ನ ಕಡಿಂದ ಆಗವಲ್ದಾಗಿತ್ತು. ಅದಕ್ಕ ನಿನ್ನ ಹಂತೇಕ ಬರಲಿಲ್ಲ. ನಾಚಿಕಿ ಆತು."

ಅವಳು ಬುಟ್ಟಿ ಕೆಳಗಿಟ್ಟಳು. "ಮತ್ತೊಮ್ಮೆ ಹೇಳ್ರಿ."

ಹೇಳಿದ.

"ನಾ ನಿಮಗ ಬ್ಯಾಡಾಗೇನಿ ಅಂತ ತಿಳ್ಕೊಂಡಿದ್ನೆಲ್ರೀ," ಎಂದವು ಅವಳ ತುಟಿಗಳು. "ಕನ್ನಡಿ ನೋಡೂದ ಬಿಟ್ಟಿದ್ದೆ."

ತಾನೊಬ್ಬನೇ ಒಂಟಿ ಎಂದುಕೊಂಡು ಬಿದ್ದುಕೊಂಡಿದ್ದ ಮೂಢ ದುಂಡಪ್ಪ. ಗೋಡೆಯ ಆ ಬದಿಗೆ ಅವಳೂ ಹಾಗೇ ಬಿದ್ದುಕೊಂಡಿದ್ದಳು.

ಅಷ್ಟರಲ್ಲಿ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಹಾಸಿನ ಎಳೆಯೊಂದು ಕಡಿಯಿತು. ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ಇಲ್ಲದಿದ್ದರೆ ಸೀರೆ ಕೆಡುತ್ತದೆ. ದುಂಡಪ್ಪನ ಕೈ ತಾನಾಗಿಯೇ ಹಿಡಿಕೆಗೆ ಹೋಯಿತು. ಆದರೆ ಬಸವಣ್ಣೆವ್ವ ಅಳುತ್ತ ಇನ್ನೂ ಮಾತಾಡುತ್ತಿದ್ದಳು, ಸದ್ದು ನಿಂತರೆ ಅದು ಮನೆಮಂದಿಗೆಲ್ಲ ಕೇಳುತ್ತದೆ. ಸೀರೆ ಕೆಟ್ಟರೆ ಕೆಡಲಿ ಎಂದು ಅವನು ಕೈ ಹಿಂದಕ್ಕೆ ತೆಗೆದುಕೊಂಡ.