ಚಿತ್ರದಲ್ಲಿ ಬಿಟ್ಟುಹೋದ ಮನೆ

ನನ್ನ ಮೇಜಿನ ಮೇಲೊಂದು ತಗಡಿನ ಬಣ್ಣದ ಪೆಟ್ಟಿಗೆಯಿದೆ. ಹನ್ನೆರಡು ಗುಳಿ, ಗುಳಿಗೊಂದು ಬಣ್ಣದ ಬಿಲ್ಲೆ. ಅವುಗಳಲ್ಲಿ ಎರಡು ಮಾತ್ರ ಒದ್ದೆ ಕುಂಚದ ತಿಕ್ಕಾಟಕ್ಕೆ ನಡುವೆ ತೂತುಬಿದ್ದು ತಳದ ತಗಡನ್ನು ತೋರಿಸುತ್ತಿವೆ: ಒಂದು ಹಸಿರು, ಇನ್ನೊಂದು ಮಣ್ಣಿನ ಬಣ್ಣ. ಹಸಿರು ಏಕೆ ಸವೆಯಿತೆಂಬುದನ್ನು ನಗುತ್ತಲೇ ಹೇಳಬಲ್ಲೆ. ಮಣ್ಣಿನ ಬಣ್ಣದ ಕಥೆಯನ್ನು ಮಾತ್ರ, ಮಿತ್ರರೇ, ಇವತ್ತಿಗೂ ನಗುತ್ತ ಹೇಳಲಾರೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಡಿಪ್ಲೊಮಾ ಮುಗಿಸಿ ಹಗರಿಬೊಮ್ಮನಹಳ್ಳಿಯಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆ ಹಿಡಿದು, ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುತ್ತಿದ್ದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಕಟ್ಟುವ ಮೊದಲೇ ಮನೆಯನ್ನು ತೋರಿಸುವವನ ಪಾಡನ್ನು ಕಂಡಿರಲಿಲ್ಲ. ನಕ್ಷೆಯೆಂದರೆ ಮನೆಯನ್ನು ಸೊಂಟದೆತ್ತರಕ್ಕೆ ಕೊಯ್ದು ಮೇಲಿನಿಂದ ಕಂಡ ನೋಟ. ತನ್ನ ಮನೆಯನ್ನು ಹದ್ದಿನಂತೆ ನೋಡಿ ಅಭ್ಯಾಸವಿರುವವರು ಯಾರಿದ್ದಾರೆ? ಹಿರೇಹಡಗಲಿಯ ಹಿರಿಯರೊಬ್ಬರು ನನ್ನ ಹಾಳೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ, "ಗೆರಿ ಭಾಳ ಅದಾವ, ಮನಿ ಎಲ್ಲೈತ್ರಿ?" ಎಂದು ಕೇಳಿದ ಮೇಲೆ ನಾನು ಬಣ್ಣದ ಪೆಟ್ಟಿಗೆ ಕೊಂಡೆ. ರಸ್ತೆಯಲ್ಲಿ ನಿಂತು ನೋಡಿದರೆ ನಾಳೆಯ ಮನೆ ಹೇಗೆ ಕಂಡೀತೋ ಹಾಗೆ, ನೆರಳು ಬೆಳಕುಗಳ ಸಮೇತ, ಚಿತ್ರ ಬರೆದುಕೊಡಲಾರಂಭಿಸಿದೆ. ಜನ ಮರುಳಾದರು. ಮರುಳು ಹೆಚ್ಚಾಗಲೆಂದು ನಾನೂ ಧಾರಾಳಿಯಾದೆ. ಎತ್ತಿನ ಗಾಡಿಯೂ ಇಲ್ಲದವನ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಜಾಲಿಮುಳ್ಳು ಬಿಟ್ಟರೆ ಬೇರೇನೂ ಬೆಳೆಯದ ಜಾಗದಲ್ಲಿ ಹುಲ್ಲುಹಾಸು ಹಾಸಿದೆ. ನಮ್ಮ ಬಯಲುಸೀಮೆಯ ಕಣ್ಣಿಗೆ ಹಸಿರಿನ ಹಸಿವಿನಷ್ಟು ಬೇರಾವ ಹಸಿವೂ ಇಲ್ಲ. ಆ ಬಿಲ್ಲೆ ಸವೆದದ್ದು ಹೀಗೆ.

ಶೇಂಗಾ ವ್ಯಾಪಾರಿ ಚನ್ನಬಸಪ್ಪನವರು ಮನೆಯ ಚಿತ್ರ ಕೇಳಿಕೊಂಡು ಬಂದಾಗ ನನ್ನ ಕೈ ಚೆನ್ನಾಗಿ ಪಳಗಿತ್ತು, ಜಂಬವೂ ಅಷ್ಟೇ ಬಲಿತಿತ್ತು. ಅವರ ಜಾಗದ ಎಡಕ್ಕೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯ ಒಂದು ತಗ್ಗು ಮನೆ. ಶಾಲೆಯಲ್ಲಿ ಕಸ ಗುಡಿಸಿ ನೀರು ತುಂಬುತ್ತಿದ್ದ ಹುಲಿಗೆಮ್ಮ ಎಂಬ ವಿಧವೆಯದು. ಚಿತ್ರಕ್ಕೆ ಹಾಕಿಕೊಂಡ ತೆಳು ಪೆನ್ಸಿಲ್ ಗೆರೆಗಳಲ್ಲೇ ಆ ಮನೆಯ ಮೂಲೆ ಇಣುಕಿ ನನ್ನ ಮಹಲಿನ ಅಂದ ಕೆಡಿಸುತ್ತಿತ್ತು. ಅಗಲ ಕುಂಚವನ್ನು ಹಸಿರಿನಲ್ಲಿ ಅದ್ದಿ ಎಡದಿಂದ ಬಲಕ್ಕೆ ಎಳೆದೆ. ಮನೆಯಿದ್ದಲ್ಲಿ ಹುಲ್ಲುಹಾಸಾಯಿತು. ಮೇಜಿನ ಮೇಲಿದ್ದ ಚಹಾ ಇನ್ನೂ ಬಿಸಿಯಾಗಿಯೇ ಇತ್ತು.

ಚನ್ನಬಸಪ್ಪನವರು ಚಿತ್ರಕ್ಕೆ ಗಾಜು ಹಾಕಿಸಿ, ಕುಂಕುಮದ ಬೊಟ್ಟಿಟ್ಟು, ಅಂಗಡಿಯ ಗೋಡೆಗೆ ತೂಗುಹಾಕಿದರು. ಎಂಟು ದಿನ ಊರ ಮಂದಿ ಬಂದು ನೋಡಿ ಹೊಗಳಿ ಹೋದರು. ನೋಡಿದವರಲ್ಲಿ ಹುಲಿಗೆಮ್ಮನೂ ಇದ್ದಳೆಂದು ನನಗೆ ಗೊತ್ತಾದದ್ದು ಒಂಬತ್ತನೆಯ ದಿನ ಬೆಳಿಗ್ಗೆ, ನನ್ನ ನಕ್ಷೆಗಳಿಗೆ ಗೋಡೆ ಎಬ್ಬಿಸುತ್ತಿದ್ದ ಖಾಜಾ ಮೇಸ್ತ್ರಿ ಏದುಸಿರು ಬಿಡುತ್ತ ನನ್ನ ಮೆಟ್ಟಿಲು ಹತ್ತಿ ಬಂದಾಗ. "ಸರ, ನಿಮ್ ಚಿತ್ರ ಏನ್ ಮಾಡೇತಿ ಬಂದ್ ನೋಡ್ರಿ. ಹುಲಿಗೆಮ್ಮ ತನ್ನ ಮಾಳಿಗಿ ತಾನ ಅಗಿಯಾಕ ಹತ್ಯಾಳ!"

ಕಾಲಿಗೆ ಚಪ್ಪಲಿ ಮೆಟ್ಟಿದ ನೆನಪಿಲ್ಲ. ಹೋಗಿ ನೋಡಿದರೆ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಹೊರಗೆ ಗೋಡೆಗೆ ಒರಗಿಸಿಯಾಗಿತ್ತು. ಬಾಗಿಲಿದ್ದಲ್ಲಿ ಕತ್ತಲೆಯ ಕಂಡಿ. ಹುಲಿಗೆಮ್ಮ ಮಾಳಿಗೆಯ ಮೇಲೆ ನಿಂತು ಗುದ್ದಲಿಯಿಂದ ಮಣ್ಣು ಸರಿಸುತ್ತಿದ್ದಳು. ಒಂದು ಮೂಲೆಯಲ್ಲಿ ಜಂತಿಗಳು ಆಗಲೇ ಬಯಲಾಗಿದ್ದವು. ಯಾರೂ ನಿನ್ನನ್ನು ಎಬ್ಬಿಸುತ್ತಿಲ್ಲ, ಅದು ಬರೀ ಚಿತ್ರ, ಚೆಂದ ಕಾಣಲೆಂದು ನಿನ್ನ ಮನೆ ಬಿಟ್ಟೆ ಎಂದು ಕೆಳಗಿನಿಂದ ಕೂಗಿ ಕೂಗಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನಮ್ಮೂರಿಗೂ ಹಿಂಗ ಬಣ್ಣ ಹಚ್ಚಿದ್ರು ಸರ" ಎಂದಳು. ಅವಳು ಹೊಸ ಸೊಸೆಯಾಗಿ ಕಾಲಿಟ್ಟ ಹಳ್ಳಿ ಹಂಪಸಾಗರದ ಆಚೆ ಹೊಳೆಯ ದಂಡೆಯಲ್ಲಿತ್ತು. ಈಗ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿದೆ. "ಸರ್ಕಾರದೋರು ಕಾಗದದಾಗ ನಮ್ಮೂರ ಮ್ಯಾಲ ನೀಲಿ ಹಚ್ಕೊಂಡು ಬಂದಿದ್ರು. ಬಾಯಿಲೆ ಮಾತ್ರ, ಅಷ್ಟು ದೂರ ನೀರು ಬರಂಗಿಲ್ಲ, ಅಂಜಬ್ಯಾಡ್ರಿ ಅಂದ್ರು. ಬಾಯಿಲೆ ಅಂದದ್ದು ಸುಳ್ಳಾತು, ಬಣ್ಣ ಹಚ್ಚಿದ್ದು ಖರೆ ಆತು. ನಮ್ಮ ಮಾವ ಕಾಗದ ನಂಬಿದ, ಬಾಗಿಲಾ ಕಿತ್ಗೊಂಡು ಬಂದ. ಮಾತು ನಂಬಿದೋರ ಬಾಗಿಲಾ ನೀರಾಗ ಹೋದ್ವು."

ಗೋಡೆಗೊರಗಿದ್ದದ್ದು ಆ ಬಾಗಿಲೇ. ಮುಳುಗಿದ ಊರಿನಿಂದ ಗಾಡಿಯಲ್ಲಿ ಬಂದದ್ದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನೂರು ಸಲ ಆಡಿದವನಿಗೆ ತಾನೇ ಬೆಕ್ಕೆಂಬುದು ಅಂದು ತಿಳಿಯಿತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಖಾಜಾ ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ, ಇನ್ನೊಂದು ಗುದ್ದಲಿ ಏಟು ಬೀಳದ ಹಾಗೆ ನೋಡಿಕೋ ಎಂದು ಹೇಳಿ, ಅಂಗಡಿಗೆ ಓಡಿದೆ.

ಚನ್ನಬಸಪ್ಪನವರು ಕೆಟ್ಟವರಲ್ಲ. ಆದರೆ ಎಂಟು ದಿನ ಆ ಹುಲ್ಲುಹಾಸನ್ನು ನೋಡುತ್ತ ಕೂತು ಅವರಿಗೂ ಅದು ನಿಜವಾಗತೊಡಗಿತ್ತು. "ನಾ ಹೋಗು ಅಂದೆನೇನ್ರಿ? ತಾನಾಗೇ ಹೊಂಟಾಳ" ಎಂದರು. ಚಿತ್ರ ಕೊಡಿ, ತಿದ್ದಿಕೊಡುತ್ತೇನೆ ಎಂದರೆ, "ಚಿತ್ರ ನಂದು. ಅದರಾಗ ಏನೈತೋ ಅದೂ ನಂದ" ಎಂದು ಶೇಂಗಾಕಾಯಿ ಒಡೆಯುತ್ತ ಮುಖ ತಿರುಗಿಸಿದರು. ಅಂಗಡಿಯಲ್ಲಿ ಕಾಳು ಮಾರಲು ಬಂದ ರೈತರು ಏಳೆಂಟು ಮಂದಿ ಕೂತಿದ್ದರು. ಗಿರಾಕಿಯನ್ನು ಎದುರುಹಾಕಿಕೊಂಡರೆ ಈ ಸಣ್ಣ ಊರಲ್ಲಿ ನನ್ನ ಗತಿಯೇನೆಂಬುದು ನನಗೂ ಗೊತ್ತಿತ್ತು. ಆದರೂ ಗಾಜಿನ ಮೇಲೆ ಬೆರಳಿಟ್ಟು ಕೇಳಿಯೇಬಿಟ್ಟೆ: "ಚಿತ್ರದಾಗ ಇದ್ದದ್ದೆಲ್ಲಾ ನಿಮ್ಮದಾದ್ರ, ಈ ಕಾರು ಎಲ್ಲೈತ್ರಿ ಸಾಹುಕಾರ್ರ? ಒಂದು ಸುತ್ತು ಹಾಕ್ಸ್ರಲ್ಲ."

ರೈತರಲ್ಲೊಬ್ಬ ಕಿಸಕ್ಕನೆ ನಕ್ಕ, ಬೆನ್ನಿಗೇ ಎಲ್ಲರೂ ನಕ್ಕರು. ಚನ್ನಬಸಪ್ಪನವರ ಕಿವಿ ಕೆಂಪಾದವು. ಕಾರನ್ನು ನೋಡಿದರು, ಹುಲ್ಲುಹಾಸನ್ನು ನೋಡಿದರು. ಆಮೇಲೆ ತಾವೇ ಸ್ಟೂಲು ಹತ್ತಿ ಚಿತ್ರ ಇಳಿಸಿ ನನ್ನ ಕೈಗೆ ಕೊಟ್ಟು, ಕೈ ಹಿಂದೆ ಕಟ್ಟಿಕೊಂಡು ನನ್ನ ಹಿಂದೆಯೇ ನಡೆದುಬಂದರು.

ಕೋಣೆಯಿಂದ ಪೆಟ್ಟಿಗೆ ತಂದು, ಚಿತ್ರದ ಗಾಜು ಬಿಚ್ಚಿ, ಹುಲಿಗೆಮ್ಮನ ಕಟ್ಟೆಯ ಮೇಲೆ ಕೂತೆ. ನೀರುಬಣ್ಣದ ಹಸಿರನ್ನು ಬೇರೆ ಬಣ್ಣ ಮುಚ್ಚುವುದಿಲ್ಲ. ಒದ್ದೆ ಹತ್ತಿಯಿಂದ ಉಜ್ಜಿ ಉಜ್ಜಿ ತೆಗೆಯಬೇಕು. ಕಾಗದ ನಾರುನಾರಾಗಿ, ಜುಂಜುಜುಂಜಾಗಿ ಎದ್ದಿತು. ಅಳಿಸುವುದಕ್ಕೆ ಒಂದು ಗೆರೆ ಸಾಕಾಗಿದ್ದ ಮನೆಯನ್ನು ಮರಳಿ ಎಬ್ಬಿಸಲು ಹೊತ್ತು ನೆತ್ತಿಗೇರಿತು. ಅದುವರೆಗೆ ಮುಟ್ಟದೇ ಬಿಟ್ಟಿದ್ದ ಮಣ್ಣಿನ ಬಣ್ಣದ ಬಿಲ್ಲೆಗೆ ಮೊದಲ ಸಲ ನೀರು ತಾಗಿತು. ಹುಲಿಗೆಮ್ಮ ಕೆಳಗಿಳಿದು ಬಂದು, ಗುದ್ದಲಿಯನ್ನು ಕೈಬಿಡದೆ, ನನ್ನ ಭುಜದ ಮೇಲಿಂದ ನೋಡುತ್ತಿದ್ದಳು.

ಚಿತ್ರ ಮುಗಿದಾಗ ಅವಳು ನನ್ನನ್ನು ಕೇಳಲಿಲ್ಲ, ಚನ್ನಬಸಪ್ಪನವರನ್ನು ಕೇಳಿದಳು. "ಇದನ್ನ ಮತ್ತ ಅಂಗಡಿ ಗೋಡಿಗೆ ಹಾಕ್ತೀರೇನ್ರಿ ಸಾಹುಕಾರ್ರ? ಎಲ್ಲಾರೂ ನೋಡಂಗ?"

"ಹಾಕ್ತೀನಿ" ಎಂದರು ಚನ್ನಬಸಪ್ಪನವರು, ನೆಲ ನೋಡುತ್ತ.

ಆಗ ಅವಳು ಬಗ್ಗಿ ಚಿತ್ರವನ್ನು ಇನ್ನೊಮ್ಮೆ ನೋಡಿದಳು. "ಬಾಗಿಲಾ ಎಲ್ಲೈತ್ರಿ?"

ಹೌದು. ಕಣ್ಣೆದುರಿಗಿದ್ದುದನ್ನೇ ಬರೆದಿದ್ದೆ, ಬಾಗಿಲ ಜಾಗದಲ್ಲಿ ಒಂದು ಕಪ್ಪು ಕಂಡಿ. ನೀನು ಮೊದಲು ಬಾಗಿಲು ನಿಲ್ಲಿಸಮ್ಮ, ಆಮೇಲೆ ಬರೆಯುತ್ತೇನೆ ಎಂದೆ.

"ಇಲ್ಲ" ಎಂದಳು. "ನೀವು ಮೊದಲ ಹಾಕ್ರಿ. ಆಮ್ಯಾಲ ನಾ ನಿಂದ್ರಸ್ತೀನಿ."

ಎಲ್ಲಕ್ಕಿಂತ ಸಣ್ಣ ಕುಂಚ ತೆಗೆದುಕೊಂಡೆ. ಕಂಡಿಯ ಕಪ್ಪನ್ನು ಒದ್ದೆ ಹತ್ತಿಯಿಂದ ಒರೆಸಿ ತೆಗೆದೆ. ಗೋಡೆಗೊರಗಿದ ಬಾಗಿಲನ್ನು ನೋಡಿ ನೋಡಿ, ಅದರ ಎರಡು ಹಲಗೆ, ಕಬ್ಬಿಣದ ಚಿಲಕ, ಹೊಸ್ತಿಲು, ಒಂದನ್ನೂ ಬಿಡದೆ ಬರೆದೆ. ಬಣ್ಣ ಆರುವ ತನಕ ಕಾದು, ಬೆರಳಿನಿಂದ ಮುಟ್ಟಿ ನೋಡಿ, ಹುಲಿಗೆಮ್ಮ ಗುದ್ದಲಿ ಕೆಳಗಿಟ್ಟಳು. ಚೌಕಟ್ಟಿನ ಒಂದು ಬದಿ ಅವಳು ಹಿಡಿದಳು, ಇನ್ನೊಂದು ಬದಿ ಖಾಜಾ ಮೇಸ್ತ್ರಿ.

ಚನ್ನಬಸಪ್ಪನವರ ಮನೆಯೂ ಮುಂದೆ ಎದ್ದಿತು. ಎಡಗೋಡೆಗೆ ನಾನು ಬರೆದಿದ್ದ ಎರಡು ಕಿಟಕಿಗಳನ್ನು ಅವರು ಇಡಿಸಲಿಲ್ಲ. ಅಷ್ಟು ಸಿಟ್ಟು ಅವರಲ್ಲಿ ಉಳಿಯಿತು. ಆದರೆ ಮಾತಿಗೆ ತಪ್ಪಲಿಲ್ಲ, ಜುಂಜೆದ್ದ ಆ ಚಿತ್ರ ಅಂಗಡಿಯಲ್ಲಿ ಬಹುಕಾಲ ತೂಗುತ್ತಿತ್ತು. ಚಿತ್ರವೆಂದರೆ ಗಿರಾಕಿಯ ಕನಸಿಗೆ ಹಾಕುವ ಒಗ್ಗರಣೆ ಎಂದುಕೊಂಡಿದ್ದವನು ನಾನು. ಅದು ಕೊಟ್ಟ ಮಾತು, ಅದೂ ಗಿರಾಕಿಯೊಬ್ಬನಿಗೇ ಕೊಟ್ಟದ್ದಲ್ಲ ಎಂಬುದನ್ನು ಕಲಿಯಲು ಒಬ್ಬಾಕೆ ತನ್ನ ಸೂರಿನ ಮೂಲೆಯನ್ನು ಅಗಿಯಬೇಕಾಯಿತು.

ಈಗಲೂ ಯಾರಾದರೂ ಮನೆಯ ಚಿತ್ರ ಕೇಳಿಕೊಂಡು ಬಂದರೆ ಮೊದಲು ಅವರ ಜಾಗಕ್ಕೆ ಹೋಗಿ ಎಡಬಲದಲ್ಲಿ ಯಾರಿದ್ದಾರೆಂದು ನೋಡಿ ಬರುತ್ತೇನೆ. ಪೆಟ್ಟಿಗೆ ತೆರೆದರೆ ಕುಂಚ ಹಸಿರನ್ನು ದಾಟಿ ಮಣ್ಣಿನ ಬಣ್ಣಕ್ಕೆ ಹೋಗುತ್ತದೆ. ಗಿರಾಕಿ ತನ್ನ ಮನೆಗಾಗಿ ಕಾದು ಕೂತಿರುತ್ತಾನೆ. ನಾನು ಪಕ್ಕದ ಮನೆಯ ಬಾಗಿಲು ಬರೆಯುತ್ತಿರುತ್ತೇನೆ.