ಅಕ್ಕನ ರಕ್ತಕಣಗಳನ್ನು ಪಕ್ಕಕ್ಕೆ ಸರಿಸಿದ್ದು

ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನನಗೆ ಸೂಕ್ಷ್ಮದರ್ಶಕದ ಕೆಲಸ. ಜೀವಂತ ರಕ್ತಕಣಕ್ಕೆ ಬಣ್ಣ ಹಾಕದೆ, ಅದನ್ನು ಕೊಲ್ಲದೆ, ಹಲವು ಕೋನಗಳಿಂದ ಮೆಲುವಾದ ಲೇಸರ್ ಬೆಳಕು ಹಾಯಿಸುತ್ತೇವೆ. ಕಣ ದಾಟುವಾಗ ಬೆಳಕು ಎಷ್ಟು ತಡವಾಯಿತೆಂದು ನೋಡಿ ಕಂಪ್ಯೂಟರು ಅದರ ಉದ್ದ, ಅಗಲ, ದಪ್ಪವನ್ನೆಲ್ಲ ಕಟ್ಟಿಕೊಡುತ್ತದೆ. ಒಂದೊಂದು ಕಣದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದೂ ತಿಳಿಯುತ್ತದೆ.

ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕಿತ್ತು. ಆ ಭಾನುವಾರ ಅಕ್ಕ ಭಾವನ ಜೊತೆ ಹಂಗಳದ ನಮ್ಮ ಮನೆಗೆ ಬಂದಿದ್ದಳು. ಉಡಿಗಾಲಕ್ಕೆ ಮದುವೆಯಾಗಿ ಹೋದವಳು, ಬದನಗುಪ್ಪೆಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಪಕ್ಕದ ಬೀದಿಯ ನರ್ಸನ್ನು ಕರೆದು ಅಕ್ಕನದೂ ಭಾವನದೂ ರಕ್ತ ತೆಗೆಸಿದೆ.

"ಈಚೀಚೆಗೆ ಮೆಟ್ಲತ್ತುದ್ರೆ ಏದುಸ್ರು ಬತ್ತದೆ ಕಣ್ಲಾ," ಎಂದಳು ಅಕ್ಕ, ತೋಳು ಮಡಚಿಕೊಂಡು.

"ಕೆಲ್ಸ ಜಾಸ್ತಿಯಾಗದೆ. ರಜಾ ಹಾಕು ಕಣಕ್ಕ," ಎಂದೆ. ಬಸ್ಸಿಗೆ ಹೊತ್ತಾಗಿತ್ತು.

"ನನ್ ರಕ್ತ ಎಂಗದೆ ಅಂತ ನೋಡ್ಬುಟ್ಟು ಏಳು."

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಅವಳ ಕಣಗಳು ಪರದೆಯ ಮೇಲೆ ನಿಧಾನವಾಗಿ ತಿರುಗಿದವು. ಚಿಕ್ಕವು, ತೆಳುವಾದವು. ಹಿಮೋಗ್ಲೋಬಿನ್ ಉಳಿದವರಿಗಿಂತ ಬಹಳ ಕಡಿಮೆ. ಬಸ್ಸಿನ ಸೆಖೆಗೆ ರಕ್ತ ಕೆಟ್ಟಿರಬೇಕು ಅಂದುಕೊಂಡೆ. ಆದರೆ ಅದೇ ಚೀಲದಲ್ಲಿ ಬಂದ ಭಾವನ ರಕ್ತ ಚೆನ್ನಾಗಿಯೇ ಇತ್ತು. ಅದು ನನಗೆ ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ವಾರದೊಳಗೆ ವರದಿ ಕೊಡಬೇಕಿತ್ತು, ಈ ಚಿತ್ರಗಳು ಅದಕ್ಕೆ ಹೊಂದುತ್ತಿರಲಿಲ್ಲ. ಬೇಡವಾದವುಗಳ ಫೋಲ್ಡರಿಗೆ ಸರಿಸಿದೆ. ಅಕ್ಕ ಫೋನು ಮಾಡಿ ಕೇಳಿದಾಗ "ಚೆನ್ನಾಗದೆ" ಎಂದುಬಿಟ್ಟೆ.

ಏಳೆಂಟು ತಿಂಗಳ ಮೇಲೆ ಅವಳು ಹೊಲಿಗೆ ಯಂತ್ರದ ಮೇಲೇ ಕುಸಿದಳು. ಚಾಮರಾಜನಗರದಲ್ಲಿ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಿಸಿದರು. ಗರ್ಭಕೋಶದಲ್ಲಿ ಗಡ್ಡೆ ಬೆಳೆದು, ತಿಂಗಳು ತಿಂಗಳೂ ವಿಪರೀತ ರಕ್ತ ಹೋಗುತ್ತಿತ್ತಂತೆ. ಯಾರಿಗೂ ಹೇಳಿಕೊಂಡಿರಲಿಲ್ಲ. ಕೊನೆಗೆ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಇನ್ನಷ್ಟು ಮುಂಚೆ ಬಂದಿದ್ದರೆ ಗಡ್ಡೆಯನ್ನಷ್ಟೇ ತೆಗೆದು ನೋಡಬಹುದಿತ್ತೇನೋ ಎಂದರು ಡಾಕ್ಟರಮ್ಮ. ಅಕ್ಕನಿಗೆ ಇನ್ನೊಂದು ಮಗು ಬೇಕೆಂಬ ಆಸೆಯಿತ್ತು.

ಮಂಚದ ಪಕ್ಕ ಕೂತಿದ್ದಾಗ ಕೇಳಿದಳು: "ಅವತ್ತು ನಿನ್ ಮಿಸೀನ್ಗೆ ಏನೂ ಕಾಣ್ನಿಲ್ವಾ?"

ದನಿಯಲ್ಲಿ ದೂರು ಇರಲಿಲ್ಲ.

"ಅದು ಒಂದೊಂದೇ ಕಣ ನೋಡದು ಅಕ್ಕ. ಕಾಯ್ಲೆ ಗೊತ್ತಾಗಲ್ಲ."

"ಓಗ್ಲಿ ಬುಡು," ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಈಗ ಚೇತರಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾಳೆ. ಕಳೆದ ಯುಗಾದಿಗೆ ಉಡಿಗಾಲಕ್ಕೆ ಹೋದಾಗ, ಇದ್ದದ್ದನ್ನು ಹೇಳಿಬಿಡೋಣವೆಂದು ಅವಳನ್ನು ಹಿತ್ತಲಿಗೆ ಕರೆದೆ. "ಏನ್ಲಾ?" ಎಂದು ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಮಗಳ ಸ್ಕೂಲಿನ ವಿಚಾರ ಮಾತಾಡಿ ಒಳಗೆ ಬಂದೆ.